ಬಿಟ್ಟುಕೊಡ್ತೀನಿ, ಆದ್ರೆ ತಗೊಂಡಿದೀನಿ ಅಂತ ಬರೆಯಲ್ಲ

ರಿಲೀಸ್ ಡೀಡ್, ಅಂದ್ರೆ ಆಸ್ತಿಯಲ್ಲಿ ನನ್ನ ಪಾಲು ಬಿಟ್ಟುಕೊಟ್ಟಿದೀನಿ ಅಂತ ಬರೆದುಕೊಡೋ ಹಕ್ಕು ಬಿಡುಗಡೆ ಪತ್ರ, ಅದರ ವಿಷಯ ಇಟ್ಕೊಂಡು ಆಪ್ತಸಲಹೆಗೆ ಬರೋ ಹೆಣ್ಮಕ್ಕಳು ಬಹಳ ಜನ, ಎಲ್ರದ್ದೂ ಹೆಚ್ಚುಕಮ್ಮಿ ಒಂದೇ ಪ್ರಶ್ನೆ, ಸೈನ್ ಹಾಕ್ಲಾ ಬೇಡ್ವಾ ಅಂತ. ಅದಕ್ಕೇ ಈ ಕೇಸ್ ಬರೀತಿದೀನಿ, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ.

ಆಕೆಗೆ ಐವತ್ತರ ಆಸುಪಾಸು, ಒಬ್ಬ ಅಣ್ಣ ಒಬ್ಬ ತಮ್ಮ, ತಾಯಿ ಇದಾರೆ. ತಂದೆ ವಿಲ್ ಬರೆಯದೆ 2005ಕ್ಕಿಂತ ಮುಂಚೆನೇ ತೀರ್ಕೊಂಡಿದ್ರು. ಜಮೀನು ತಾತನ ಕಾಲದ್ದು, ಮನೆ ಅಪ್ಪ ದುಡಿದು ಕಟ್ಟಿಸಿದ್ದು. ಇಷ್ಟು ವರ್ಷ ಪಹಣಿ ಅಪ್ಪನ ಹೆಸರಲ್ಲೇ ಇತ್ತು, ಯಾರೂ ತಲೆ ಕೆಡಿಸ್ಕೊಂಡಿರ್ಲಿಲ್ಲ. ಈಗ ಅಣ್ಣಂಗೆ ಲೋನ್ ಬೇಕಾಯ್ತು, ಬ್ಯಾಂಕ್‌ನೋರು ವಂಶವೃಕ್ಷ ಕೇಳಿದ್ರು, ಅದ್ರಲ್ಲಿ ತಂಗಿ ಹೆಸರಿದೆಯಲ್ಲ, ಹಾಗಾಗಿ ಡೀಡ್‌ನ ಡ್ರಾಫ್ಟ್ ಮನೆಗೇ ಬಂತು. ಗಂಡ ಹಾಕ್ಬೇಡ ಅಂತಾರೆ, ಅಮ್ಮ ಹಾಕ್ಬಿಡು ಅಂತಾರೆ, ಈಕೆಗೆ ರಾತ್ರಿ ನಿದ್ದೆ ಇಲ್ಲ.

ಮೊದಮೊದಲು ಆಕೆ ಮಾತಾಡಿದ್ದೆಲ್ಲ ಬೇರೆಯವ್ರು ಏನಂತಾರೆ ಅನ್ನೋದೇ. ಒಂದಿನ ಆ ಡ್ರಾಫ್ಟ್ ತನ್ನಿ, ಇಲ್ಲೇ ಜೋರಾಗಿ ಓದಿ ಅಂದೆ. ಜೆರಾಕ್ಸ್ ಕಾಪಿ, ಮಡಚಿ ಮಡಚಿ ಮಧ್ಯದ ಗೆರೆ ಹರಿಯೋ ಹಾಗಾಗಿತ್ತು. ಚೆಕ್ಕುಬಂದಿ, ಸರ್ವೆ ನಂಬರ್ ಎಲ್ಲಾ ಸರಾಗವಾಗಿ ಓದಿದ್ರು. "ನನ್ನ ಮದುವೆ ಖರ್ಚು ಹಾಗೂ ಅರಿಶಿನ ಕುಂಕುಮದ ರೂಪದಲ್ಲಿ ನನ್ನ ಪಾಲನ್ನು ಈಗಾಗಲೇ ಪಡೆದಿರುತ್ತೇನೆ" ಅನ್ನೋ ಸಾಲಿಗೆ ಬಂದು ನಿಂತ್ರು. ಮತ್ತೆ ಮೊದ್ಲಿಂದ ಆ ಸಾಲು ಓದಿದ್ರು, ಮತ್ತೆ ಅಲ್ಲೇ ನಿಂತ್ರು. ನಾನು ಸುಮ್ನಿದ್ದೆ.

ಆಮೇಲೆ ಅಂದ್ರು, "ಇದು ಸುಳ್ಳು. ನನ್ ಮದ್ವೆ ಸಾಲ ಅಪ್ಪ ತೀರಿಸಿದ್ದು, ಇವ್ರಲ್ಲ. ಜಮೀನು ಅವ್ರೇ ಇಟ್ಕೊಳ್ಳಲಿ, ಬಿಟ್ಟುಕೊಡ್ತೀನಿ. ಆದ್ರೆ ತಗೊಂಡಿದೀನಿ ಅಂತ ಯಾಕೆ ಬರೀಬೇಕು? ನಾನು ಕೊಟ್ಟಿದ್ದು ಅಂತ ಒಂದು ಕಡೆನಾದ್ರೂ ಇರ್ಬೇಕಲ್ವಾ?"

ಅಲ್ಲಿಗೆ ವಿಷಯ ಬಯಲಾಯ್ತು. ಆಕೆ ಆಸೆಬುರುಕಿನೂ ಅಲ್ಲ, ಹೆದರುಪುಕ್ಕಿನೂ ಅಲ್ಲ. ತನ್ನದೂ ಅಂತ ಒಂದು ಪಾಲಿತ್ತು ಅಂತ ಅಣ್ಣತಮ್ಮ ಬಾಯಿಬಿಟ್ಟು ಒಪ್ಕೋಬೇಕು, ಅಷ್ಟೇ ಬೇಕಿತ್ತು.

ನಾನು ಹೇಳಿದ್ದು ಇಷ್ಟು. ಒಂದು, ಈ ತಿಂಗಳು ಎಲ್ಲೂ ಸೈನ್ ಬೇಡ, ರಿಜಿಸ್ಟರ್ ಆದ್ಮೇಲೆ ಅದನ್ನ ರದ್ದು ಮಾಡ್ಸೋಕೆ ಸಿವಿಲ್ ಕೋರ್ಟೇ ಗತಿ, ಅದಕ್ಕೂ ಮೂರು ವರ್ಷದ ಕಾಲಮಿತಿ ಇದೆ. ಎರಡು, ನಿಮ್ಮದೇ ಒಬ್ಬ ಲಾಯರ್‌ನ ಕೇಳಿ, ಅಣ್ಣ ಕರ್ಕೊಂಡು ಬಂದವ್ರನ್ನಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟಿದ್ರೂ ಫ್ರೀ ಲಾಯರ್ ಸಿಗ್ತಾರೆ, 1987ರ ಕಾಯ್ದೆಯಲ್ಲೇ ಇದೆ. ಮೂರನೇದು, ಅಣ್ಣತಮ್ಮನ ಹತ್ರ ನೀವೇ ಮಾತಾಡಿ, ಗಂಡನ್ನ ಕಳಿಸ್ಬೇಡಿ.

ಕಾನೂನು ಯಾಕೆ ಎಳೆದು ತಂದ್ರಿ, ಸಂಸಾರ ಒಡೆಯೋ ಕೆಲಸ ಅಂತ ನನ್ನನ್ನ ಬೈದವ್ರು ಇದಾರೆ. ನಾನು ಒಪ್ಪಲ್ಲ. ಆಕೆಗೆ ಅಣ್ಣ ಹೇಳಿದ್ದು "ಅಪ್ಪ 2005ಕ್ಕೆ ಮುಂಚೆ ಹೋಗಿದಾರೆ, ನಿಂಗೆ ಏನೂ ಬರಲ್ಲ, ಸೈನ್ ಬರೀ ಫಾರ್ಮಾಲಿಟಿ" ಅಂತ. ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು, ಅದಕ್ಕೆ ಈ ಹಕ್ಕು ಕೊಟ್ಟ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ಕ್ಕೆ ತಂದೆ ಬದುಕಿರ್ಬೇಕಂತೇನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ, 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆಗಿಯೋ ಕೋರ್ಟ್ ಡಿಕ್ರಿಯಿಂದಲೋ ಪಾಲಾಗಿದ್ರೆ ಅದು ಬೇರೆ ಮಾತು. ಇನ್ನು ಅಪ್ಪ ಸ್ವಂತ ದುಡಿದು ಕಟ್ಟಿಸಿದ ಮನೆ, ವಿಲ್ ಇಲ್ದೇ ಇದ್ರೆ ಅದ್ರಲ್ಲಿ ಮಗಳಿಗೆ ಮಗನಷ್ಟೇ ಪಾಲು ಅನ್ನೋದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಇದೆ, ಇಲ್ಲಿ ಅಮ್ಮ, ಇಬ್ರು ಗಂಡ್ಮಕ್ಕಳು, ಈಕೆ, ನಾಲ್ಕು ಸಮಪಾಲು. ಖಾತೆ ಯಾರ ಹೆಸರಿಗೆ ಮಾಡಿಸಿದ್ರೂ ಮಾಲೀಕತ್ವ ಅದ್ರಿಂದ ಬದಲಾಗಲ್ಲ. ತನ್ನ ಹತ್ರ ಏನಿದೆ ಅಂತ್ಲೇ ಗೊತ್ತಿಲ್ಲದವ್ರು ಅದನ್ನ ಪ್ರೀತಿಯಿಂದ ಕೊಟ್ರು ಅಂತ ಹೇಗೆ ಹೇಳೋದು?

ಇನ್ನೊಂದು ಕಡೆಯಿಂದ, ಪಾಲು ತಗೊಳ್ಳಿ ಅಂತ ಗಟ್ಟಿಯಾಗಿ ಹೇಳ್ಬೇಕಿತ್ತು ನೀವು ಅಂತಲೂ ಕೆಲವು ಸ್ನೇಹಿತರು ಅಂತಾರೆ. ಅದೂ ಸರಿ ಅನ್ಸಲ್ಲ ನಂಗೆ. ಹಕ್ಕು ಆಕೆದು ಅಂದ್ಮೇಲೆ ಬಿಡೋದು ಇಟ್ಕೊಳ್ಳೋದೂ ಆಕೆದೇ, ಗಂಡ ಹೇಳಿದ ಜಾಗದಲ್ಲಿ ನಾನು ಕೂತ್ಕೊಂಡು ಹೇಳಿದ್ರೆ ಏನು ಬದಲಾಯ್ತು?

ಕೊನೆಗೆ ಆಕೆ ಜಮೀನು ಬಿಟ್ಟುಕೊಟ್ರು, ಆ ಸಾಲು ತೆಗೆಸಿ, "ನನಗೆ ಬರಬೇಕಾದ ಪಾಲನ್ನು ಬಿಟ್ಟುಕೊಟ್ಟಿರುತ್ತೇನೆ" ಅಂತ ಬರೆಸಿ. ಮನೆ ಪಾಲು ಬಿಡ್ಲಿಲ್ಲ, ಅಮ್ಮ ಇರೋವರೆಗೂ ಆ ಮನೆ ಯಾರೂ ಮಾರೋ ಹಾಗಿರ್ಬಾರ್ದು ಅಂತ. ತಮ್ಮ ಒಪ್ಪಿದ. ಅಣ್ಣ ಇವತ್ತಿಗೂ ಸರಿಯಾಗಿ ಮಾತಾಡಲ್ಲ, ಅದಕ್ಕೆ ಆಕೆಗೆ ಬೇಜಾರಿದೆ, ಆ ಬೇಜಾರಿಗೆ ನನ್ನ ಹತ್ರ ಮದ್ದಿಲ್ಲ.

ನಿಮಗೂ ಯಾರಾದ್ರೂ ರಾತ್ರಿ ಫೋನ್ ಮಾಡಿ ನಾಳೆ ಬೆಳಿಗ್ಗೆ ಸಬ್ ರಿಜಿಸ್ಟ್ರಾರ್ ಆಫೀಸ್‌ಗೆ ಬಾ, ಆಧಾರ್ ತಗೊಂಡು ಬಾ ಸಾಕು ಅಂದ್ರೆ, ಜಗಳ ಆಡ್ಬೇಡಿ, ಡ್ರಾಫ್ಟ್ ವಾಟ್ಸಾಪ್‌ಗೆ ಕಳ್ಸಿ, ಓದಿ ಹೇಳ್ತೀನಿ ಅನ್ನಿ. ಬಂದ್ಮೇಲೆ ನಂಬೋ ಒಬ್ರ ಮುಂದೆ ಕೂತು ಮೊದಲಿಂದ ಕೊನೆವರೆಗೂ ಬಾಯಿಬಿಟ್ಟು ಓದಿ.