ಬಾಡಿಗೆ ಕಾರಿನಲ್ಲಿ ಏಳು ದಿನ ಕರಾವಳಿ: ಕಾರನ್ನು ಬೆಂಗಳೂರಿನಿಂದ ತರಬೇಡಿ

ನೀವು ಕೇಳಿದ್ದು ಇಷ್ಟು: ಡಿಸೆಂಬರ್‌ನಲ್ಲಿ ಏಳು ದಿನ ರಜೆ ಇದೆ. ಹೆಂಡತಿ, ಆರು ವರ್ಷದ ಮಗಳು, ಮಂಡಿನೋವಿರುವ ಅಮ್ಮ ಜೊತೆಗಿದ್ದಾರೆ. ಬೆಂಗಳೂರಿನಲ್ಲೇ ಸೆಲ್ಫ್ ಡ್ರೈವ್ ಕಾರು ತೆಗೆದುಕೊಂಡು, ಮಂಗಳೂರಿನಿಂದ ಗೋವಾವರೆಗೆ ಸಮುದ್ರದ ಪಕ್ಕದಲ್ಲೇ ಹೋಗಿ ಬರಬಹುದಾ?

ಬರಬಹುದು. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ನನ್ನ ಊರು ಕುಂದಾಪುರದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಸ್ವಂತ ಕಾರಿಲ್ಲ. ಊರಿಗೆ ಹೋದಾಗಲೆಲ್ಲ ಬಾಡಿಗೆ ಕಾರೇ ಗತಿ. ನೀವು ಹಾಕಿರುವ ಪ್ಲಾನನ್ನೇ ಮೊದಲ ಸಲ ನಾನೂ ಹಾಕಿದ್ದೆ.

ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ನಡುವೆ ಘಾಟಿ. ಹೋಗಲು ಒಂದು ದಿನ, ಬರಲು ಒಂದು ದಿನ. ಏಳರಲ್ಲಿ ಎರಡು ಹೋಯಿತು, ಅದಕ್ಕೂ ಬಾಡಿಗೆ ಕೊಟ್ಟಿರುತ್ತೀರಿ. ದಿನಕ್ಕೆ ಇಷ್ಟೇ ಕಿಲೋಮೀಟರ್ ಅಂತ ಮಿತಿ ಇರುವ ಪ್ಯಾಕೇಜ್ ಆದರೆ ಅದರಲ್ಲಿ ಅರ್ಧ ಘಾಟಿಗೇ ಮುಗಿಯುತ್ತದೆ. ರಾತ್ರಿ ರೈಲಿನಲ್ಲಿ ಮಲಗಿ ಬೆಳಿಗ್ಗೆ ಮಂಗಳೂರಿನಲ್ಲಿ ಇಳಿಯಿರಿ. ಕಾರು ಅಲ್ಲೇ ತೆಗೆದುಕೊಳ್ಳಿ, ಅಲ್ಲೇ ವಾಪಸ್ ಕೊಡಿ. ಒಂದು ಊರಲ್ಲಿ ತೆಗೆದುಕೊಂಡು ಇನ್ನೊಂದು ಊರಲ್ಲಿ ಬಿಡುತ್ತೇನೆ ಅಂದರೆ ಎಷ್ಟೋ ಕಡೆ ಒಪ್ಪುವುದಿಲ್ಲ, ಒಪ್ಪಿದರೂ ಚೆನ್ನಾಗಿ ದುಡ್ಡು ಕೇಳುತ್ತಾರೆ.

ಕಾರು ಕೈಗೆ ಸಿಕ್ಕಾಗ ಮೊದಲು ನಂಬರ್ ಪ್ಲೇಟ್ ನೋಡಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಸೆಲ್ಫ್ ಡ್ರೈವ್ ಬಾಡಿಗೆಗೆ ಪರವಾನಗಿ ಇರುವ ಕಾರಿನ ಗುರುತು ಅದು. ಪರಿಚಯದವರ ವೈಟ್ ಬೋರ್ಡ್ ಕಾರು (ಬಿಳಿ ಪ್ಲೇಟಿನ ಸ್ವಂತ ಬಳಕೆಯ ಕಾರು) ಕಡಿಮೆಗೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಏನಾದರೂ ಆದರೆ ಇನ್ಶೂರೆನ್ಸ್‌ನವರು ಕೈ ಎತ್ತಬಹುದು.

ಆಮೇಲೆ ವಿಡಿಯೋ. ನಾಲ್ಕೂ ಬದಿ ಎಲ್ಲರೂ ತೆಗೆಯುತ್ತಾರೆ, ನಾನೂ ತೆಗೆದಿದ್ದೆ. ಕಾರು ವಾಪಸ್ ಕೊಡುವಾಗ ಬಾಡಿಗೆ ಕಂಪನಿಯ ಹುಡುಗ ನೆಲಕ್ಕೆ ಕೂತು, ಮುಂದಿನ ಬಂಪರಿನ ಅಡಿಗೆ ಮೊಬೈಲ್ ಹಿಡಿದು ಫೋಟೋ ತೆಗೆದ. ಅಲ್ಲೊಂದು ಗೀರು. ಅದು ಹಳೆಯದೋ ನನ್ನದೋ ದೇವರಿಗೇ ಗೊತ್ತು, ನನ್ನ ವಿಡಿಯೋದಲ್ಲಿ ಆ ಜಾಗವೇ ಇಲ್ಲ. ಡೆಪಾಸಿಟ್‌ನಲ್ಲಿ 1,500 ರೂಪಾಯಿ ಕಟ್. ಈಗ ನಾನೇ ಮೊದಲು ನೆಲಕ್ಕೆ ಕೂರುತ್ತೇನೆ. ಬಂಪರಿನ ಅಡಿ, ನಾಲ್ಕು ಚಕ್ರದ ರಿಮ್, ಸ್ಟೆಪ್ನಿ, ಜಾಕ್, ಪೆಟ್ರೋಲ್ ಮುಳ್ಳು ಎಲ್ಲವೂ ವಿಡಿಯೋದಲ್ಲಿ ಬರಲಿ. ಫಾಸ್ಟ್ಯಾಗ್‌ನಲ್ಲಿ ದುಡ್ಡಿದೆಯಾ, ಟೋಲ್ ಲೆಕ್ಕ ಹೇಗೆ ಅಂತಲೂ ಆಗಲೇ ಕೇಳಿ. ಹೆಜಮಾಡಿ, ಸಾಸ್ತಾನ, ಶಿರೂರು ಅಂತ ಸಾಲಾಗಿ ಟೋಲ್ ಗೇಟ್ ಬರುತ್ತವೆ.

ಇನ್ನು ನಿಮ್ಮ ಮುಖ್ಯ ಆಸೆ, ಸಮುದ್ರದ ಪಕ್ಕದಲ್ಲೇ ಓಡಿಸುವುದು. ಇಲ್ಲೇ ಎಲ್ಲರೂ ಮೋಸ ಹೋಗುವುದು. ರಾಷ್ಟ್ರೀಯ ಹೆದ್ದಾರಿ 66 ಕರಾವಳಿಯ ರಸ್ತೆ ಹೌದು, ಆದರೆ ಅಲ್ಲಿ ಸಮುದ್ರ ಕಾಣುವುದು ಅಪರೂಪ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ ನೋಡಿ ಕುಣಿಯುತ್ತೀರಿ. ಆಮೇಲೆ ಮತ್ತೆ ಪೆಟ್ರೋಲ್ ಬಂಕು, ಮದುವೆ ಹಾಲ್, ಫ್ಲೈಓವರ್. ಸಮುದ್ರ ಬೇಕೆಂದರೆ ಹೆದ್ದಾರಿ ಬಿಟ್ಟು ಪಡುವಣಕ್ಕೆ ತಿರುಗಬೇಕು. ನಮ್ಮ ಕಡೆ ಎಡ, ಬಲ ಅನ್ನುವುದಕ್ಕಿಂತ ಪಡು, ಮೂಡು ಅನ್ನುವುದು ಜಾಸ್ತಿ. ದಾರಿ ಕೇಳಿದಾಗ "ಪಡುಬದಿಗೆ ಹೋಗಿ" ಅಂದರೆ ಕಡಲ ಕಡೆಗೆ ಅಂತ ಅರ್ಥ. ಪಡುಬಿದ್ರಿ, ಪಡುಕೆರೆ ಹೆಸರುಗಳಲ್ಲಿ ಇರುವುದೂ ಅದೇ ಪಡು.

ನನ್ನ ಕೇಳಿದರೆ ಇಡೀ ದಾರಿಯಲ್ಲಿ ಕಾರು ಓಡಿಸಲು ಅತ್ಯಂತ ಚೆಂದದ ತುಂಡು ಕಾಪುವಿನಿಂದ ಮಲ್ಪೆ ಕಡೆಗೆ ಮಟ್ಟು, ಪಡುಕೆರೆ ಮೇಲೆ ಹೋಗುವ ಸಣ್ಣ ರಸ್ತೆ. ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ನಡುವೆ ಒಂದು ಸಾಲು ಮನೆ, ತೆಂಗು, ಒಣಹಾಕಿದ ಬಲೆ. ಮಟ್ಟುಗುಳ್ಳ ಬದನೆ ಬೆಳೆಯುವ ಊರು ಇದೇ. ಎದುರಿಗೆ ಬಸ್ಸೋ ಟೆಂಪೋನೋ ಬಂದರೆ ಯಾರದೋ ಅಂಗಳದ ಬಾಯಿಗೆ ಕಾರು ಹಾಕಿ ನಿಲ್ಲಬೇಕು. 20ರ ವೇಗದಲ್ಲಿ ಹೋಗಿ. ಅವಸರ ಇದ್ದರೆ ಈ ರಸ್ತೆಗೆ ಹೋಗಲೇಬೇಡಿ.

ಮರಳಿಗೆ ಮಾತ್ರ ಚಕ್ರ ಇಳಿಸಬೇಡಿ. ಕುಂದಾಪುರದ ಕೋಡಿ ಬೀಚಿನಲ್ಲಿ ನಾನು ಊರಿನವನೆಂಬ ಜಂಭದಲ್ಲಿ ಎರಡು ಮಾರು ಮುಂದೆ ಹೋಗಿ ಹೂತುಕೊಂಡಿದ್ದೆ. ಒತ್ತಿದಷ್ಟೂ ಕಾರು ಕೂರುತ್ತಿತ್ತು. ಬಲೆ ಸರಿಮಾಡುತ್ತಿದ್ದ ಒಬ್ಬರು "ಹ್ವಾಯ್, ಒತ್ಬೇಡಿ ಮಾರಾಯ್ರೆ" ಅಂತ ಕೂಗಿ ಬಂದರು. ಕೈಯಲ್ಲೇ ಮರಳು ಬಗೆದು, ಚಕ್ರದ ಅಡಿಗೆ ಒಣ ಮಡಲು (ತೆಂಗಿನ ಗರಿ) ತುರುಕಿ, ನಾಲ್ಕು ಜನ ಹಿಂದಿನಿಂದ ದೂಡಿದರು. ಐದು ನಿಮಿಷದ ಕೆಲಸ. ಆದರೆ ಅಮ್ಮ, ಮಗುವನ್ನು ಕೂರಿಸಿಕೊಂಡು ಇದೆಲ್ಲ ಬೇಕಾ?

ದಿನಗಳನ್ನು ಹೀಗೆ ಇಟ್ಟುಕೊಳ್ಳಿ. ಮೊದಲೆರಡು ರಾತ್ರಿ ಮಲ್ಪೆ ಅಥವಾ ಉಡುಪಿ. ಮೊದಲ ದಿನ ಸಸಿಹಿತ್ಲು, ಕಾಪು ನೋಡಿಕೊಂಡು ನಿಧಾನಕ್ಕೆ ಬನ್ನಿ. ಕಾಪುವಿನ ದೀಪಸ್ತಂಭ 1901ರದ್ದು, ಸಂಜೆ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ. ಅಮ್ಮ ಕೆಳಗೇ ಗಾಳಿಗೆ ಕೂರಲಿ, ಮೆಟ್ಟಿಲು ಕಡಿದಾಗಿದೆ. ಎರಡನೇ ದಿನ ಬೆಳಿಗ್ಗೆಯೇ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಹಿಡಿಯಿರಿ. ಲಾವಾ ತಣ್ಣಗಾಗಿ ಕಂಬ ಕಂಬವಾಗಿ ನಿಂತ ಬಂಡೆಗಳು ಅಲ್ಲಿವೆ. ನೆರಳು ಕಡಿಮೆ, ಮಗುವಿಗೆ ಟೋಪಿ ಇರಲಿ. ಸಂಜೆ ಕೃಷ್ಣ ಮಠ, ಆಮೇಲೆ ಗಡ್‌ಬಡ್ ಐಸ್‌ಕ್ರೀಮ್. ಅದನ್ನು ಉಡುಪಿಯಲ್ಲಿ ತಿನ್ನದೆ ಬಂದರೆ ನಿಮ್ಮ ಮಗಳು ಕ್ಷಮಿಸುವುದಿಲ್ಲ.

ಮೂರನೇ ದಿನ ಮರವಂತೆ ದಾಟಿ ಮುರುಡೇಶ್ವರ. ರಾಜಗೋಪುರಕ್ಕೆ ಲಿಫ್ಟ್ ಇದೆ, ಅಮ್ಮನೂ ಮೇಲಿಂದ ಸಮುದ್ರ ನೋಡಬಹುದು. ಡಿಸೆಂಬರ್ ಅಂದರೆ ಅಯ್ಯಪ್ಪ ಮಾಲೆ ಹಾಕಿದವರ ಕಾಲ, ಶಾಲಾ ಪ್ರವಾಸದ ಬಸ್ಸುಗಳ ಕಾಲ. ಮಧ್ಯಾಹ್ನ ಹೋದರೆ ಪಾರ್ಕಿಂಗ್‌ಗೇ ಒಂದು ಗಂಟೆ. ಬೆಳಿಗ್ಗೆ ಬೇಗ ಹೊರಡಿ.

ಆ ರಾತ್ರಿ, ಮರುರಾತ್ರಿ ಹೊನ್ನಾವರ. ಇದನ್ನು ಯಾರೂ ಪ್ಲಾನಿನಲ್ಲಿ ಹಾಕುವುದಿಲ್ಲ, ಸುಮ್ನೆ ದಾಟಿ ಗೋಕರ್ಣಕ್ಕೆ ಓಡುತ್ತಾರೆ. ನಿಮ್ಮ ಮನೆಮಂದಿಗೆ ಹೇಳಿ ಮಾಡಿಸಿದ ಊರು. ಶರಾವತಿ ಸಮುದ್ರ ಸೇರುವ ಜಾಗ, ಹಿನ್ನೀರಿನಲ್ಲಿ ಬೋಟ್, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಲಗೆಯ ದಾರಿ. ಮಂಡಿಗೆ ತೊಂದರೆಯಿಲ್ಲ. ಕಾಸರಕೋಡು ಬೀಚಿಗೆ 2020ರಲ್ಲಿ ಶುಚಿಯಾದ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಸಿಕ್ಕಿದೆ, ಟಾಯ್ಲೆಟ್ ಪರವಾಗಿಲ್ಲ. ಮಗು ಇದ್ದವರಿಗೆ ಇದು ಸಣ್ಣ ವಿಷಯ ಅಲ್ಲ ಅಲ್ವಾ?

ಐದನೇ ದಿನ ಮಿರ್ಜಾನ್ ಕೋಟೆ ನೋಡಿಕೊಂಡು ಗೋಕರ್ಣ, ಅಲ್ಲಿ ಎರಡು ರಾತ್ರಿ. ಓಂ ಬೀಚಿಗೆ ಕಾರು ಮೇಲೆ ನಿಲ್ಲಿಸಿ ಮೆಟ್ಟಿಲು ಇಳಿಯಬೇಕು. ಅಮ್ಮನಿಗೆ ದೇವಸ್ಥಾನದ ಪಕ್ಕದ ಊರ ಬೀಚೇ ಸಾಕು. ಆರನೇ ದಿನ ಹುಮ್ಮಸ್ಸು ಇದ್ದರೆ ಕಾರವಾರಕ್ಕೆ ಹೋಗಿ ಬನ್ನಿ, ಸುಮಾರು 60 ಕಿಲೋಮೀಟರ್. ಟ್ಯಾಗೋರ್ ಬೀಚಿನಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯ ಒಳಗೆ ಮಕ್ಕಳು ಓಡಾಡಬಹುದು. ಏಳನೇ ದಿನ ಬೆಳಿಗ್ಗೆ ಎಂಟಕ್ಕೆ ಹೊರಟರೆ ನಡುವೆ ಊಟ ಮಾಡಿಯೂ ಸಂಜೆಯೊಳಗೆ ಮಂಗಳೂರು, ರಾತ್ರಿ ರೈಲು.

ಗೋವಾ ಎಲ್ಲಿ ಹೋಯಿತು ಅಂತೀರಾ? ಬಿಟ್ಟುಬಿಡಿ. ಗಡಿ ದಾಟಲು ಬಾಡಿಗೆ ಕಾರಿನ ಪರ್ಮಿಟ್, ಟ್ಯಾಕ್ಸ್ ವಿಚಾರಿಸಬೇಕು, ಎರಡು ದಿನ ಕಾರಿನಲ್ಲೇ ಕಳೆಯುತ್ತದೆ. ಅದಕ್ಕೆ ಇನ್ನೊಂದು ರಜೆ ಹಾಕಿ.

ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಓಡಿಸಬೇಡಿ. ದನ ಮಲಗಿರುತ್ತದೆ, ಮೀನಿನ ಲಾರಿಗಳು ಬ್ರೇಕ್ ಇಲ್ಲದವರ ಹಾಗೆ ಬರುತ್ತವೆ. ಡಿಸೆಂಬರ್‌ನಲ್ಲಿ ಆರು ದಾಟುತ್ತಿದ್ದ ಹಾಗೆ ಸೂರ್ಯ ಮುಳುಗುತ್ತದೆ, ಐದಕ್ಕೇ ರೂಮು ಸೇರಿಕೊಂಡರೆ ಬೀಚಿಗೆ ನಡೆದು ಹೋಗಬಹುದು. ಮಳೆಗಾಲದಲ್ಲಿ ಬರುತ್ತೇನೆ ಅಂದಿದ್ದರೆ ನಾನು ಬೇಡವೇ ಬೇಡ ಅನ್ನುತ್ತಿದ್ದೆ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ (ಟೋಲ್ ಗೇಟಿನ ಶಿರೂರು ಬೇರೆ) ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ನೆನಪಿರಬಹುದು.

ಮೀನು ತಿನ್ನುವವರೋ ಅಲ್ಲವೋ ನೀವು ಹೇಳಿಲ್ಲ. ತಿನ್ನುವವರಾದರೆ ಕೆಳಗೆ ಬರೆಯಿರಿ, ಕುಂದಾಪುರದಿಂದ ಹೊನ್ನಾವರದವರೆಗೆ ಎಲ್ಲೆಲ್ಲಿ ಊಟಕ್ಕೆ ನಿಲ್ಲಿಸಬೇಕು ಅಂತ ಬೇರೆಯೇ ಒಂದು ಉತ್ತರ ಬರೆಯುತ್ತೇನೆ.