ಎರೆಹುಳು ಖಾಲಿಯಾಗುತ್ತದೆ, ಬ್ಲೂಗಿಲ್ ಸಿಗುವುದಿಲ್ಲ: ಏಕೆ?

ಅಮೆರಿಕದ ಕೆರೆಗಳಲ್ಲಿ ಬ್ಲೂಗಿಲ್ ಎಂಬ ಸಣ್ಣ ಮೀನಿಗೆ ಮಕ್ಕಳ ಜೊತೆ ಗಾಳ ಹಾಕುವವರು ಪದೇಪದೇ ಕೇಳುವ ಪ್ರಶ್ನೆಯಿದು. ಹೆಚ್ಚಾಗಿ ಕಾರಣ ಒಂದೇ, ಕೊಕ್ಕೆ ದೊಡ್ಡದು. ಬ್ಲೂಗಿಲ್‌ನ ಬಾಯಿ ತೀರಾ ಚಿಕ್ಕದು. ಬಾಸ್ ಎಂಬ ದೊಡ್ಡ ಮೀನಿಗೆಂದು ಕಟ್ಟಿದ ಕೊಕ್ಕೆ ಅದರೊಳಗೆ ಹೋಗುವುದೇ ಇಲ್ಲ. ಮೀನು ಹುಳುವನ್ನು ಅಂಚಿನಿಂದ ಕಿತ್ತು ತಿಂದುಬಿಡುತ್ತದೆ.

8 ಅಥವಾ 10ನೇ ನಂಬರಿನ, ಉದ್ದ ಕಾಂಡದ ಕೊಕ್ಕೆ ಹಾಕಿ (ನಂಬರು ಹೆಚ್ಚಿದಷ್ಟೂ ಕೊಕ್ಕೆ ಸಣ್ಣದು). ಕೊಕ್ಕೆಯ ತುದಿಯ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ; ಮೀನಿನಿಂದಲೂ ಮಗುವಿನ ಬೆರಳಿನಿಂದಲೂ ಸಲೀಸಾಗಿ ಬಿಡಿಸಬಹುದು. ಇಡೀ ಹುಳು ಬೇಡ, ಅರ್ಧ ಇಂಚಿನ ತುಂಡು ಸಾಕು, ತುದಿ ಜೋತಾಡಬಾರದು. ದಾರ 4 ಪೌಂಡಿನದು (ಅಷ್ಟು ಎಳೆತ ತಡೆಯುವಂಥದು). ಕೊಕ್ಕೆಯಿಂದ 6–8 ಇಂಚು ಮೇಲೆ ಒಂದು ಸಣ್ಣ ತೂಕದ ಗುಂಡು, ಕೊಕ್ಕೆಯಿಂದ 2–3 ಅಡಿ ಮೇಲೆ ನೀರಿನಲ್ಲಿ ತೇಲುವ ಬೆಂಡು. ಬೆಂಡು ಹೆಬ್ಬೆರಳ ಉಗುರಿನಷ್ಟಿರಲಿ. ದೊಡ್ಡದಾದರೆ ಎಳೆತ ತಿಳಿದು ಮೀನು ಹುಳುವನ್ನು ಉಗುಳುತ್ತದೆ. ಬೆಂಡು ಅಡ್ಡ ಮಲಗಿತೇ? ಗುಂಡು ತಳ ಮುಟ್ಟಿದೆ, ಆಳ ಕಡಿಮೆ ಮಾಡಿ.

ದೂರ ಎಸೆಯಬೇಕಿಲ್ಲ. ಕಟ್ಟೆಯ ನೆರಳು, ಜೊಂಡಿನ ಅಂಚು ಒಳ್ಳೆಯ ಜಾಗ. 10 ನಿಮಿಷ ಮೀನು ಮುಟ್ಟದಿದ್ದರೆ ಜಾಗ ಬದಲಿಸಿ, ಮಕ್ಕಳ ತಾಳ್ಮೆ ಅಷ್ಟೇ.

ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಿರಿ. ಒಣ ಕೈ ಅದರ ಲೋಳೆ ಪೊರೆಯನ್ನು ಕೀಳುತ್ತದೆ. ಬೆನ್ನಿನ ರೆಕ್ಕೆಯ ಮುಳ್ಳು ಚುಚ್ಚುತ್ತದೆ, ತಲೆಯಿಂದ ಬಾಲದತ್ತ ಸವರಿ ಮಡಚಿ. ಕೊಕ್ಕೆ ಗಂಟಲಿಗಿಳಿದಿದ್ದರೆ ಎಳೆಯಬೇಡಿ, ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಡಿ. ದೊಡ್ಡವರಿಗೆ ರಾಜ್ಯದ ಪರವಾನಗಿ ಬೇಕು. ಪರವಾನಗಿ ಬೇಡದ ಮಕ್ಕಳ ವಯೋಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಹೊರಡುವ ಮುನ್ನ ನೋಡಿಕೊಳ್ಳಿ.