ಲೈವ್ ಶೋನಲ್ಲಿ ಬಾಸ್ ಗಿಟಾರ್ ವಾದಕರು ಸೋಲೋ ನುಡಿಸಬೇಕಾ?

ನುಡಿಸಲಿ, ಆದರೆ ಪ್ರತಿ ಶೋನಲ್ಲೂ ಬೇಕಿಲ್ಲ. ಬಾಸ್ ಸೋಲೋಗೆ ಹೊರಟ ಕೂಡಲೇ ಹಾಡಿನ ತಳವೇ ಖಾಲಿಯಾಗುತ್ತದೆ. ಅದನ್ನು ತುಂಬಲು ಕೀಬೋರ್ಡಿನವರ ಎಡಗೈಯೋ ಗಿಟಾರಿನ ಒಂದು ರಿಫ್ಫೋ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ) ಬೇಕು. ಡ್ರಮ್ಸ್ ಅಂತೂ ತಾಳ ಬಿಡಲೇಬಾರದು.

ದೊಡ್ಡ ತೊಂದರೆ ಸದ್ದಿನದು. ನಾಲ್ಕು ತಂತಿಯ ಬಾಸಿನಲ್ಲಿ ಅತಿ ದಪ್ಪ ತಂತಿ ಸುಮಾರು 41 ಹರ್ಟ್ಜ್‌ನಲ್ಲಿ ಮಿಡಿಯುತ್ತದೆ. ಗುಂಯ್‌ಗುಡುವ ಹಾಲ್‌ನಲ್ಲಿ ಅಷ್ಟು ಕೆಳಗೆ ವೇಗವಾಗಿ ನುಡಿಸಿದರೆ ಎಲ್ಲಾ ಕಲಸಿಹೋಗುತ್ತದೆ, ಸ್ವರಗಳು ಬಿಡಿಬಿಡಿಯಾಗಿ ಕೇಳಿಸುವುದಿಲ್ಲ. ಅದಕ್ಕೇ ಸೋಲೋ ಎತ್ತರದ ಸ್ವರ ಕೊಡುವ ಮೇಲಿನ ಫ್ರೆಟ್‌ಗಳಲ್ಲಿದ್ದರೆ (ಫ್ರೆಟ್ ಅಂದರೆ ವಾದ್ಯದ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಚೆನ್ನ.

ಅಮೆರಿಕದ ಜಾಝ್ ಬಾಸ್ ವಾದಕ ಜಾಕೋ ಪಾಸ್ಟೋರಿಯಸ್ ಫ್ರೆಟ್ ಇಲ್ಲದ ಬಾಸಿನಲ್ಲಿ, ಹಾರ್ಮೋನಿಕ್ಸ್ (ತಂತಿಯನ್ನು ಹಗುರವಾಗಿ ಮುಟ್ಟಿ ಹೊರಡಿಸುವ ಎತ್ತರದ ಸ್ವರ) ಬಳಸಿ, ಬಾಸನ್ನೇ ಹಾಡಿಸುತ್ತಿದ್ದರು. ಹಾಗೆ ಹೇಳುವುದೇನಾದರೂ ಇದ್ದರೆ ಎರಡು ನಿಮಿಷ ತೆಗೆದುಕೊಳ್ಳಿ. ಸುಮ್ನೆ ಸ್ಲಾಪ್ (ಹೆಬ್ಬೆರಳಿನಿಂದ ತಂತಿಗೆ ಬಡಿದು ನುಡಿಸುವುದು) ವೇಗ ತೋರಿಸೋಕೆ ಆದರೆ ಎಂಟು ಬಾರ್ (ತಾಳದ ಎಂಟು ಸುತ್ತು) ಕೂಡ ಜಾಸ್ತಿಯೇ, ಅಲ್ವಾ?